ಎದುರು ಹೋಟೆಲಿನ ಕೀಲಿಕೈ

ಬೆಳಗಿನ ಮೂರಕ್ಕೇ ಎದ್ದು ತೆಂಗಿನಕಾಯಿ ತುರಿಯುವ ಕರ್ಮ ಚೂಡಾಮಣಿಗೆ ಬಂದದ್ದು ಗಂಡ ವೆಂಕಟಾಚಲನ ಹಟದಿಂದ. ಗವಿಪುರದಲ್ಲಿ ಅವರ ತಿಂಡಿ ಹೋಟೆಲು ಹತ್ತೊಂಬತ್ತು ವರ್ಷ ಆರೂವರೆಗೇ ತೆರೆಯುತ್ತಿತ್ತು. ಎದುರಿನ ನಾರಾಯಣಪ್ಪನ ಹೋಟೆಲೂ ಅಷ್ಟೆ. ಪಾರ್ಕಿನಲ್ಲಿ ವಾಕಿಂಗ್ ಮುಗಿಸಿದವರು ಅರ್ಧ ಜನ ಇಲ್ಲಿ, ಅರ್ಧ ಜನ ಅಲ್ಲಿ ಇಡ್ಲಿ ತಿಂದು ಹೋಗುತ್ತಿದ್ದರು. ಯುಗಾದಿ ಕಳೆದದ್ದೇ, ನಾರಾಯಣಪ್ಪನ ತಲೆಗೆ ಅದೇನು ಹೊಕ್ಕಿತೋ, ಆರಕ್ಕೇ ಶಟರ್ ಎತ್ತಿದ. ವೆಂಕಟಾಚಲ ಬಿಟ್ಟಾನೆಯೇ? ಐದೂವರೆ ಎಂದ. ಅವನು ಐದು. ಇವನು ನಾಲ್ಕೂವರೆ. ಮರುದಿನ ಅವನೂ ನಾಲ್ಕೂವರೆ.

ಅಷ್ಟು ಹೊತ್ತಿಗೆ ಬರುತ್ತಿದ್ದ ಗಿರಾಕಿ ಎಂದರೆ ಎಟಿಎಂ ಕಾಯುವವನೊಬ್ಬ, ಅವನ ಹಿಂದೆ ಮೂರು ನಾಯಿ. ಪಾರ್ಕಿನವರು ಈಗಲೂ ಆರೂವರೆಗೇ ಬರುತ್ತಿದ್ದರು, ಅದೇ ಅರ್ಧ ಇಲ್ಲಿ, ಅರ್ಧ ಅಲ್ಲಿ. ಚೂಡಾಮಣಿ ಮಾತ್ರ ನಾದಿನಿ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದ ಕೈಯಲ್ಲಿ ಹಿಡಿದೇ ಗೊರಕೆ ಹೊಡೆದು ಮಾನ ಕಳೆದುಕೊಂಡಳು.

ಕಾಲೇಜಿನಲ್ಲಿ ಎಕನಾಮಿಕ್ಸ್ ಪಾಠ ಮಾಡುವ ಮಗಳು ಆರಾಧನಾ ಕ್ಯಾಲೆಂಡರ್ ಹಾಳೆಯ ಹಿಂದೆ ನಾಲ್ಕು ಚೌಕ ಬರೆದಳು. "ನೋಡಮ್ಮ, ಇಬ್ರೂ ಆರೂವರೆಗೆ ತೆಗೆದ್ರೆ ಇಬ್ರಿಗೂ ಸುಖ. ಆದ್ರೆ ಎದುರಿನವ್ರು ಬೇಗ ತೆಗೆದ್ಬಿಟ್ರೆ ಅಂತ ಅಪ್ಪಂಗೆ ಭಯ. ಅವ್ರಿಗೂ ಅದೇ ಭಯ. ಅದಕ್ಕೆ ಇಬ್ರೂ ಬೇಗ ತೆಗೆಯೋ ಈ ಕೊನೇ ಚೌಕದಲ್ಲಿ ಸಿಕ್ಕಾಕೊಂಡಿದಾರೆ. ಇದಕ್ಕೆ ಗೇಮ್ ಥಿಯರಿ ಅಂತಾರೆ."

"ಸಿಕ್ಕಾಕೊಂಡಿರೋಳು ನಾನು ಕಣೆ! ಬಿಡಿಸ್ಕೊಳ್ಳೋದು ಹೇಗೆ, ಅದನ್ನ ಹೇಳು."

"ಬರೀ ಮಾತು ಸಾಲಲ್ಲ. ಬೇಕು ಅಂದ್ರೂ ಮಾತು ತಪ್ಪೋಕಾಗದ ಹಾಗೆ ಇಬ್ರ ಕೈನೂ ಕಟ್ಟಿಹಾಕ್ಬೇಕು."

ಚೌಕ ಬರೆಯುವ ಬದಲು ಒಂದು ಕಾಯಿ ತುರಿದುಕೊಟ್ಟಿದ್ದರೆ ಆಗುತ್ತಿತ್ತು ಎಂದು ಗೊಣಗುತ್ತ ಚೂಡಾಮಣಿ ಹಿಟ್ಟಿನ ಗಿರಣಿಗೆ ಹೋದಳು. ಅಲ್ಲಿ ನಾರಾಯಣಪ್ಪನ ಹೆಂಡತಿ ವಿಶಾಲಮ್ಮ ಗೋಡೆಗೊರಗಿ, ಬಾಯಿ ತೆರೆದು ಮಲಗಿದ್ದಳು. ಆ ಗಿರಣಿಯ ಸದ್ದಿನಲ್ಲಿ! ಅವಳ ಹೋಟೆಲಿನ ಚಟ್ನಿಯೂ ಅವಳದೇ ಕೈಯದು. ಚೂಡಾಮಣಿ ಅವಳ ಭುಜ ಅಲುಗಿಸಿ ಎಬ್ಬಿಸಿದಳು.

ಮಾತಾಡಿಕೊಂಡು ಮರುದಿನವೇ ಇಬ್ಬರು ಹೆಂಗಸರೂ ಹೊಸ ಬೀಗ ತಂದರು. ಈ ಹೋಟೆಲಿನ ಎರಡೂ ಕೀಲಿಕೈ ವಿಶಾಲಮ್ಮನ ಸೆರಗಿಗೆ, ಆ ಹೋಟೆಲಿನ ಎರಡೂ ಚೂಡಾಮಣಿಯ ಸೆರಗಿಗೆ. ಬೆಳಿಗ್ಗೆ ಆರೂವರೆಗೆ ಇಬ್ಬರೂ ಬಂದು ಬೀಗ ತೆಗೆಯುವುದು. ಗಂಡಂದಿರು ಕೂಗಾಡಿದರು. ಚಟ್ನಿ ನೀವೇ ರುಬ್ಬಿಕೊಳ್ಳಿ ಎಂದದ್ದೇ, ಇಬ್ಬರ ಬಾಯೂ ಮುಚ್ಚಿತು.

ಮೊದಲ ದಿನ ಆರೂವರೆಗೆ ಚೂಡಾಮಣಿ ಬಂದಳು. ಗಂಡಂದಿರಿಬ್ಬರೂ ತಂತಮ್ಮ ಶಟರಿನ ಮುಂದೆ ಕಾಯುತ್ತಿದ್ದರು. ವಿಶಾಲಮ್ಮ ಇಲ್ಲ. ಆರೂ ಮುಕ್ಕಾಲಾಯಿತು.

"ನಂಬಿ ಕೆಟ್ವಲ್ಲೇ!" ವೆಂಕಟಾಚಲ ಕುದಿಯುತ್ತಿದ್ದ. "ನಮ್ ಹೋಟೆಲಿಗೆ ಬೀಗ ಹಾಕ್ಸಿ ಕೂತಿದಾರೆ!"

"ನನ್ ಶಟರಾದ್ರೂ ತೆಗೀರಮ್ಮ," ಎಂದ ನಾರಾಯಣಪ್ಪ. "ಫೋನ್ ಮಾಡಿದ್ರೆ ಅವ್ಳು ಎತ್ತಾನೇ ಇಲ್ಲ."

"ನಮ್ಮದು ಮುಚ್ಚಿರುವಾಗ ನಿಮ್ಮದು ಹೇಗೆ ತೆಗೀಲಿ?" ಎಂದು ಸಿಡುಕಿ ಚೂಡಾಮಣಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ನಾಳೆಯಿಂದ ಮತ್ತೆ ಮೂರಕ್ಕೇ ಏಳಬೇಕೇ? ಪಾರ್ಕಿನ ಜನ ರಸ್ತೆಯ ಎರಡೂ ಬದಿ ನಿಂತೇ ಇದ್ದರು. ಎರಡೂ ಕಡೆ ಬೀಗ ಬಿದ್ದ ಮೇಲೆ ಅವರಾದರೂ ಎಲ್ಲಿಗೆ ಹೋಗಬೇಕು?

ಏಳಕ್ಕೆ ಐದು ನಿಮಿಷವಿದ್ದಾಗ ವಿಶಾಲಮ್ಮ ಓಡಿ ಬಂದಳು. ತಲೆ ಬಾಚಿರಲಿಲ್ಲ. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಎದ್ದು ಕಾಣುತ್ತಿತ್ತು.

"ತಪ್ಪಾಯ್ತು ಕಣಮ್ಮ, ನಿದ್ದೆ ಬಂದ್ಬಿಡ್ತು. ಎಚ್ಚರಾನೇ ಆಗ್ಲಿಲ್ಲ."

ಬೈಯಲು ಬಾಯಿ ತೆರೆದಿದ್ದ ಚೂಡಾಮಣಿ ಆ ಗೆರೆಯನ್ನೇ ನೋಡುತ್ತ ನಿಂತಳು. ತಾನು ಅಭ್ಯಾಸಬಲದಿಂದ ಮೂರಕ್ಕೇ ಎದ್ದು, ಕತ್ತಲಲ್ಲಿ ಗೋಡೆ ನೋಡುತ್ತ ಕೂತಿದ್ದಳು. ಹೊಟ್ಟೆಕಿಚ್ಚಿಗೆ ಕಣ್ಣಲ್ಲಿ ನೀರೇ ಬಂತು.

"ಇವತ್ತು ನಿದ್ದೆ ಮಾಡೋ ಸರದಿ ನಿಮ್ಮದಾಯ್ತಲ್ಲ ವಿಶಾಲಮ್ಮ," ಎಂದಳು ಕೀಲಿಕೈ ಬಿಚ್ಚುತ್ತ. "ನಾಳೆ ನಾನು ಬರೋವರೆಗೂ ನೀವು ಕಾಯ್ಬೇಕು."