ಏಳನೇ ಚರಣ

ನಮ್ಮ ಮನೆಯಲ್ಲಿ ಹಾಡು ಕಟ್ಟುವವಳು ನಾನು, ಹಾಡುವವನು ನನ್ನ ತಮ್ಮ ವರ್ಲಿನ್. ೧೯೨೭ರ ಮಾರ್ಚಿನಲ್ಲಿ ಕಲ್ಲಿದ್ದಲು ಗಣಿ ಸಿಡಿದು ನನ್ನ ಗಂಡ ಡೆನ್ವರ್ ಸೇರಿ ಹನ್ನೆರಡು ಜನ ಸತ್ತರು. ಆ ಹಾಡನ್ನೂ ನಾನೇ ಕಟ್ಟಿದೆ. ಹನ್ನೊಂದು ಚರಣ.

ಡೆನ್ವರ್ ಪೈಪು ಹಚ್ಚಲು ಕಡ್ಡಿ ಗೀರಿದ, ಅದರಿಂದಲೇ ಗಣಿ ಹೊತ್ತಿತು ಎಂದು ಕಂಪನಿ ವರದಿ ಬರೆಯಿತು. ಅವನು ಪೈಪು ಸೇದಿದವನೇ ಅಲ್ಲ, ತಂಬಾಕು ಅಗಿಯುತ್ತಿದ್ದ. ಒಳಗೆ ಗ್ಯಾಸ್ ತುಂಬುತ್ತಿದೆ ಎಂದು ಮೂರು ದಿನದಿಂದ ಮೇಸ್ತ್ರಿಗೆ ಹೇಳುತ್ತಲೇ ಇದ್ದ. ಅದೇ ಏಳನೇ ಚರಣ. ಆದರೆ ಉಳಿದ ವಿಧವೆಯರು ವರದಿಯನ್ನೇ ನಂಬಿ, ಚರ್ಚಿನಲ್ಲಿ ನನ್ನ ಬೆಂಚಿಗೆ ಬರುವುದನ್ನು ಬಿಟ್ಟಿದ್ದರು. ನಾನು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದರು. ಅದೇ ಹಾಡು ಗ್ರಾಮಫೋನ್ ರೆಕಾರ್ಡಾಗಿ ಬಂದರೆ ಯಾರೂ ಎದ್ದು ಹೋಗುವುದಿಲ್ಲ ಎಂದು ನನ್ನ ಲೆಕ್ಕ.

ಮರುವರ್ಷ ಬೇಸಿಗೆಯಲ್ಲಿ ಕೀಟಿಂಗ್ ಎಂಬಾತ ನ್ಯೂಯಾರ್ಕಿನಿಂದ ರೆಕಾರ್ಡು ಮಾಡುವ ಯಂತ್ರ ತಂದು, ಪೇಟೆಯ ಬಟ್ಟೆ ಅಂಗಡಿಯ ಮಹಡಿಗೆ ಹೊರಗಿನ ಸದ್ದು ಬರದಂತೆ ಕಂಬಳಿ ಕಟ್ಟಿಸಿ, ಬೆಟ್ಟದವರ ಹಾಡುಗಳನ್ನು ಮುದ್ರಿಸತೊಡಗಿದ. ಮೇಣದ ತಟ್ಟೆ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಗಡಿಯಾರ ನೋಡಿಕೊಂಡು ಹಾಡಿಸಿ, ಐದು ಚರಣ ಸಾಕು ಎಂದ. ನಾನೂ ವರ್ಲಿನ್ನೂ ಕೂತು ಆರಿಸಿದೆವು: ಒಂದು, ಎರಡು, ಐದು, ಏಳು, ಹನ್ನೊಂದು. ಏಳನ್ನು ಬಿಡುವುದಾದರೆ ಹಾಡೇ ಬೇಡ ಎಂದೆ.

"ಬಿಡ್ತೀನಾ ಅಕ್ಕ? ಭಾವ ನನಗೇನು ಹೊರಗಿನವನಾ?" ಎಂದ.

ಯಂತ್ರ ತಿರುಗತೊಡಗಿತು. ನಾನು ಗಿಟಾರ್ ನುಡಿಸಿದೆ. ಮೂರು ಚರಣ ಮುಗಿದ ಮೇಲೆ, ಏಳನೆಯದರ ಜಾಗದಲ್ಲಿ, ವರ್ಲಿನ್ ಕಣ್ಣು ಮುಚ್ಚಿಕೊಂಡು ನಾನು ಕಟ್ಟದ ಚರಣವೊಂದನ್ನು ಹಾಡಿದ. ಅದರಲ್ಲಿ ಡೆನ್ವರನ ಹೆಸರಿತ್ತು, ಕಡ್ಡಿ ಇತ್ತು, ಅಜಾಗರೂಕನಿಂದ ಅನಾಥರಾದ ಮಕ್ಕಳಿದ್ದರು. ಧಾಟಿ ಅದೇ ಆದ್ದರಿಂದ ನನ್ನ ಬೆರಳುಗಳು ಓಡುತ್ತಲೇ ಇದ್ದವು. ನಡುವೆ ನಿಲ್ಲಿಸಿದರೆ ಮೇಣ ಹಾಳು ಎಂದು ಬೆಳಿಗ್ಗೆಯಿಂದ ನಮಗೆ ಎಚ್ಚರಿಕೆ ಕೊಟ್ಟಿದ್ದರು. ನಾನು ಮೇಣವನ್ನು ಉಳಿಸಿದೆ.

ಕೀಟಿಂಗ್ ಪ್ರತಿ ಹಾಡನ್ನೂ ಎರಡು ಸಲ ಮುದ್ರಿಸುತ್ತಿದ್ದ. ತಟ್ಟೆ ಬದಲಿಸುವಷ್ಟರಲ್ಲಿ ವರ್ಲಿನ್ನನ ತೋಳು ಹಿಡಿದು ಅದನ್ನು ಕಟ್ಟಿದ್ದು ಯಾರೆಂದು ಕೇಳಿದೆ.

"ಮೇಸ್ತ್ರಿ ಬರೆದುಕೊಟ್ಟ. ನನಗೆ ಐದು ಮಕ್ಕಳು ಅಕ್ಕ, ಮನೆ ಕಂಪನೀದು. ನಿನ್ನ ಚರಣ ಹಾಡಿದ್ರೆ ನಮ್ಮ ಸಾಮಾನೆಲ್ಲ ಬೀದೀಲಿ."

"ನನಗೆ ಮೊದಲೇ ಹೇಳಬಹುದಿತ್ತಲ್ಲೋ."

"ಹೇಳಿದ್ರೆ ನೀನು ನುಡಿಸ್ತಿದ್ಯಾ?"

ಎರಡನೇ ಸಲ ಆ ಚರಣ ಬಂದೊಡನೆ ಅಂಗೈಯನ್ನು ತಂತಿಗಳ ಮೇಲೆ ಒತ್ತಿ ಹಿಡಿದೆ. ವರ್ಲಿನ್ ನಿಲ್ಲಿಸಲಿಲ್ಲ. ಒಬ್ಬನೇ ಕೊನೆಯವರೆಗೆ ಹಾಡಿದ.

ಇದೇ ಬೇಕಾಗಿದ್ದದ್ದು, ಗಂಡನ ಹೆಸರು ಬಂದಾಗ ಹೆಂಡತಿಯ ಕೈ ನಿಂತೇಹೋಯಿತು ಎಂದು ಕೀಟಿಂಗ್ ಹಿಗ್ಗಿದ. ಆ ಚರಣ ಸುಳ್ಳು, ಕೆರೆದು ಹಾಕಿ ಎಂದು ಬೇಡಿಕೊಂಡೆ. ಅವನು ವರ್ಲಿನ್ನನ ಮುಖ ನೋಡಿದ.

"ಅವತ್ತಿನಿಂದ ಅಕ್ಕನ ಮನಸ್ಸು ಸರಿಯಿಲ್ಲ ಸಾರ್," ಎಂದ ನನ್ನ ತಮ್ಮ, ತುಂಬ ಮೆತ್ತಗೆ.

ಅಕ್ಟೋಬರಿನಲ್ಲಿ ರೆಕಾರ್ಡು ಬಂತು, ಎರಡನೇ ಸಲ ಹಾಡಿದ್ದೇ. ಕಂಪನಿಯ ಅಂಗಡಿಯಲ್ಲೇ ಅದನ್ನು ದಿನವಿಡೀ ಹಾಕುತ್ತಿದ್ದರಂತೆ. ಒಂದು ಭಾನುವಾರ ಕೋರಾ ಟ್ಯಾಕೆಟ್ ನಮ್ಮ ಬಾಗಿಲಿಗೆ ಬಂದಳು. ಅವಳ ಗಂಡ ಡೆನ್ವರನ ಪಕ್ಕದಲ್ಲೇ ಸತ್ತವನು. ಒಂದೂವರೆ ವರ್ಷದಿಂದ ನನ್ನೊಡನೆ ಮಾತಿರಲಿಲ್ಲ. ಕೈಯಲ್ಲಿ ಸೇಬಿನ ಮುರಬ್ಬದ ಜಾಡಿ.

"ಕೇಳಿದೆ ಕಣೆ," ಎಂದಳು. "ನಿನ್ನ ಕೈ ನಿಂತುಹೋಯ್ತಲ್ಲ, ಅಲ್ಲಿ ನನಗೂ ತಡೆಯೋಕಾಗ್ಲಿಲ್ಲ. ಡೆನ್ವರನ ತಪ್ಪನ್ನ ಊರೆದುರು ಒಪ್ಪಿಕೊಂಡೆಯಲ್ಲ, ಅಷ್ಟು ಸಾಕು. ಇನ್ಮೇಲೆ ಚರ್ಚಲ್ಲಿ ನಿನ್ನ ಪಕ್ಕ ಕೂರ್ತೀನಿ."

ಒಳಗೆ ಕರೆದು ಕೂರಿಸಿ ನನ್ನ ಒಡಕು ದನಿಯಲ್ಲೇ ಏಳನೇ ಚರಣ ಹಾಡಿದೆ. ಅವಳು ಎದ್ದು ಹೋಗಲಿಲ್ಲ. ಕೊನೆಯವರೆಗೂ ಕೇಳಿ, ನನ್ನ ಮೊಣಕೈ ಸವರಿದಳು.

"ಅದು ರೆಕಾರ್ಡಲ್ಲಿ ಇಲ್ವಲ್ಲೇ," ಎಂದಳು, ಹುಷಾರಿಲ್ಲದವರೊಡನೆ ಮಾತಾಡುವಂತೆ.