ಐದಕ್ಕೆ ಏಳು

ಟೈರು ಅಂಗಡಿ ಇಟ್ಟಿರುವ ನನ್ನ ತಮ್ಮ ಮಿಲೊಯೆಗೆ ಟೈರಿನ ವಿಷಯ ತಿಳಿದಷ್ಟು ನಮ್ಮೂರು ನೊವಿ ಸಾದ್‌ನಲ್ಲಿ ಇನ್ಯಾರಿಗೂ ತಿಳಿಯದು. ಅದೇ ಅವನ ಕಾಯಿಲೆ. ಟೈರು ತಿಳಿದವನಿಗೆ ಲೋಕವೇ ತಿಳಿಯಿತು ಎಂದುಕೊಂಡುಬಿಟ್ಟಿದ್ದಾನೆ. ಎದುರುಮನೆಯ ಹಲ್ಲಿನ ಡಾಕ್ಟರು ಸ್ತೊಯಾದಿನ್ ತನ್ನ ಮಗನನ್ನು ಅಂತರರಾಷ್ಟ್ರೀಯ ಡಿಪ್ಲೊಮಾ ತರಗತಿಗೆ ಸೇರಿಸಿದ್ದೇ ತಡ, ಇವನಿಗೆ ಹೊಟ್ಟೆಕಿಚ್ಚು ಶುರುವಾಯಿತು. ಎರಡು ವರ್ಷ ಕಾದು, ವಯಸ್ಸು ಬಂದ ಕೂಡಲೇ ಮಗಳು ಕಾಲಿನಾಳನ್ನೂ ಅಲ್ಲಿಗೇ ಹಾಕಿದ. ಅದೇನು ಓದು ಎಂದು ಕೇಳಿದೆ. "ಇಂಗ್ಲಿಷ್‌ನಲ್ಲಿ ಇರುತ್ತೆ ಅಕ್ಕಾ" ಎಂದ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ವಿಷಯ ಆರಿಸಿಕೊಳ್ಳುವ ದಿನ ಮಗಳ ಜೊತೆ ನನ್ನನ್ನೂ ಶಾಲೆಗೆ ಎಳೆದುಕೊಂಡು ಹೋದ. ನಾನು ಒಂದು ಕಾಲದಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಜನರ ಕೂದಲು ಕತ್ತರಿಸುತ್ತಿದ್ದವಳು. ಹಾಗಾಗಿ ಅವನ ಲೆಕ್ಕದಲ್ಲಿ ನಾನೂ ಅಂತರರಾಷ್ಟ್ರೀಯಳೇ. ತಿಯಾನಾ ಮೇಡಂ ಪಾಪ, ತಾಳ್ಮೆಯಿಂದ ಹೇಳಿದಳು. ಒಟ್ಟು ಆರು ವಿಷಯ. ಮೂರು ಆಳವಾಗಿ, ಮೂರು ಹಗುರವಾಗಿ. ನಮ್ಮ ಭಾಷೆ, ಇಂಗ್ಲಿಷ್, ಚರಿತ್ರೆ, ಗಣಿತ, ಒಂದು ವಿಜ್ಞಾನ. ಆರನೆಯ ಜಾಗಕ್ಕೆ ಚಿತ್ರಕಲೆಯನ್ನಾದರೂ ತೆಗೆದುಕೊಳ್ಳಬಹುದು, ಇನ್ನೊಂದು ವಿಜ್ಞಾನವನ್ನಾದರೂ ತೆಗೆದುಕೊಳ್ಳಬಹುದು.

"ಕಾರಿಗೆ ನಾಲ್ಕು ಟೈರು, ಡಿಕ್ಕೀಲಿ ಒಂದು. ಆರನೇದು ಯಾಕೆ ಮೇಡಂ?" ಎಂದ ನನ್ನ ತಮ್ಮ. ಮೇಡಂ ನಕ್ಕಳು. "ಹೋಗ್ಲಿ, ಡಾಕ್ಟರಾಗೋಕೆ ಏನು ಬೇಕು ಅಷ್ಟು ಹೇಳ್ಬಿಡಿ" ಎನ್ನುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಹೆದ್ದಾರಿಯಲ್ಲಿ ಯಾರದೋ ಲಾರಿಯ ಟೈರು ಸಿಡಿದಿತ್ತು. ಅವನು ಕಾರಿಡಾರಿಗೆ ಓಡಿದ.

ಅವನು ಹೊರಗೆ ಲಾರಿಯವನನ್ನು ಬೈಯುತ್ತಿದ್ದಾಗ ಒಳಗೆ ಮೇಡಂ ಎರಡು ಮಾತು ಹೇಳಿದಳು. ಒಂದು, ವೈದ್ಯಕೀಯ ಕಾಲೇಜುಗಳು ಸಾಮಾನ್ಯವಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡನ್ನೂ ಕೇಳುತ್ತವೆ. ಇನ್ನೊಂದು, ಇಲ್ಲಿ ಅಂಕ ಒಂದರಿಂದ ಏಳರವರೆಗೆ. "ನಮ್ ಶಾಲೆಗಳ ಹಾಗೆ ಐದೇ ಎಲ್ಲಕ್ಕಿಂತ ಮೇಲಲ್ಲ. ಇಲ್ಲಿ ಐದು ಅಂದ್ರೆ ಪರವಾಗಿಲ್ಲ ಅಂತ ಅಷ್ಟೇ."

"ಆರನೇದು ಏನಮ್ಮ?" ಎಂದು ಕಾಲಿನಾಳನ್ನು ಕೇಳಿದಳು.

"ಚಿತ್ರಕಲೆ" ಎಂದಳು ಹುಡುಗಿ, ಬಾಗಿಲನ್ನೇ ನೋಡುತ್ತ.

ಯಾಕೆಂದು ನನಗೆ ಗೊತ್ತಿತ್ತು. ಫ್ರುಷ್ಕಾ ಗೋರಾ ಬೆಟ್ಟದ ಮಠವೊಂದರಲ್ಲಿ ಮೇಣದಬತ್ತಿಯ ಹೊಗೆಗೆ ಕಪ್ಪಾದ ಗೋಡೆಚಿತ್ರಗಳನ್ನು ತೊಳೆಯುವವರಿದ್ದಾರೆ. ಕಾಲಿನಾ ರಜೆಯಲ್ಲೆಲ್ಲ ಅಲ್ಲಿಗೆ ಹೋಗಿ ಅವರ ಬಟ್ಟಲು ಹಿಡಿದು ನಿಲ್ಲುತ್ತಿದ್ದಳು. ಮಸಿಯ ಕೆಳಗಿನಿಂದ ಒಬ್ಬ ಸಂತನ ಕಣ್ಣು ಹೊರಬಂದ ದಿನ ನನ್ನ ಸಲೂನಿಗೆ ಓಡಿಬಂದು ಅತ್ತಿದ್ದಳು. ಬೆಲ್‌ಗ್ರೇಡ್‌ನಲ್ಲಿ ಆ ವಿದ್ಯೆಯನ್ನೇ ಕಲಿಯಬೇಕೆಂಬುದು ಅವಳ ಆಸೆ. ಅದಕ್ಕೆ ಚಿತ್ರಕಲೆ, ರಸಾಯನ, ಚರಿತ್ರೆ ಬೇಕು. ಒಂದು ವಿಜ್ಞಾನ ರಸಾಯನ, ಆರನೆಯದು ಚಿತ್ರಕಲೆ ಎಂದಮೇಲೆ ಜೀವಶಾಸ್ತ್ರಕ್ಕೆ ಜಾಗವಿಲ್ಲ, ಡಾಕ್ಟರಿಕೆಯೂ ಇಲ್ಲ.

ಮಿಲೊಯೆ ಬೆವರೊರೆಸುತ್ತ ಒಳಬಂದು ಮೇಡಂ ಬರೆದುಕೊಂಡದ್ದನ್ನು ನೋಡಿದ. "ಡಾಕ್ಟರಿಗೆ ಚಿತ್ರ ಯಾಕೆ?"

"ಮೂಳೆಗಳನ್ನ ಬರೀಬೇಕಲ್ಲ ಅಪ್ಪಾ."

"ಹೌದಲ್ವಾ!" ಎಂದು ಖುಷಿಯಾದ.

ಏಳರ ವಿಷಯ ಅವನಿಗೆ ನಾನೇ ಹೇಳಿದೆ, ಅವತ್ತೇ, ಕಾರಿನಲ್ಲಿ. ನನಗೆ ಇದರಲ್ಲಿ ಪೆಟ್ಟು ಬಿದ್ದ ಅನುಭವವಿತ್ತು. ಸ್ಟುಟ್‌ಗಾರ್ಟ್‌ನಲ್ಲಿ ನನ್ನ ಯಜಮಾನಿಯ ಮಗ ಎಲ್ಲದರಲ್ಲೂ ಒಂದು ತಂದಿದ್ದ. ಅಯ್ಯೋ ಪಾಪ, ನಪಾಸಾಯಿತು ಎಂದು ಅವನಿಗೆ ಚಾಕೊಲೇಟು ಕೊಟ್ಟು ಸಮಾಧಾನ ಮಾಡಿದ್ದೆ. ಅಲ್ಲಿ ಒಂದೇ ಮೇಲಂತೆ! ಯಜಮಾನಿ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಳು. ಇಷ್ಟೆಲ್ಲ ಹೇಳಿದರೆ ತಮ್ಮ ಕೈ ಒದರಿದ. "ಐದಕ್ಕಿಂತ ಮೇಲೆ ಏನಿದೆ ಅಕ್ಕಾ? ಸುಮ್ನಿರು." ಶಾಲೆಯಲ್ಲಿ ಒಮ್ಮೆಯೂ ಐದು ಕಾಣದವನು ಅವನು. ಐದರಾಚೆ ಇನ್ನೂ ಎತ್ತರವಿದೆ ಎಂದರೆ ಅವನು ಹೇಗೆ ನಂಬಬೇಕು?

ಎರಡು ವರ್ಷ ಕಳೆದು ಜುಲೈಯಲ್ಲಿ ಫಲಿತಾಂಶ ಬಂತು. ಕಾಲಿನಾ ಫೋನು ಮುಂದೆ ಹಿಡಿದಳು. ಐದು, ಐದು, ಐದು, ಐದು, ಐದು. ಚಿತ್ರಕಲೆಗೆ ಏಳು.

ಮಿಲೊಯೆ ಗ್ರೀಸು ಮೆತ್ತಿದ ಕೈಯಲ್ಲೇ ಮಗಳನ್ನು ತಬ್ಬಿಕೊಂಡ. ಆಮೇಲೆ ಕಣ್ಣು ಕಿರಿದು ಮಾಡಿದ. "ಇದೇನಿದು ಏಳು? ಐದಕ್ಕೆ ಏಳಾ?"

"ಅಪ್ಪಾ, ಅದು ಏನಂದ್ರೆ..."

"ಗೊತ್ತಾಯ್ತು, ಗೊತ್ತಾಯ್ತು! ಖುಷಿಯಾಗಿ ಮೇಲಿಂದ ಎರಡು ಹಾಕಿದಾರೆ!" ಎಂದವನೇ ಹಂದಿ ಸುಡುವವನಿಗೆ ಫೋನು ಮಾಡಿದ. ಶನಿವಾರ ಔತಣ, ಸೋಮವಾರ ಗಡಿ ದಾಟಿ ಹಂಗೇರಿಯ ವೈದ್ಯಕೀಯ ಕಾಲೇಜಿಗೆ, ಅಲ್ಲಿನ ದೊಡ್ಡವರಿಗೆ ಒಂದು ಹೊಗೆ ಹಾಕಿದ ಹಂದಿ ತೊಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವನು ಪ್ರಚಂಡ.

ಶನಿವಾರ ಅಂಗಳದಲ್ಲಿ ಇಡೀ ಬೀದಿ. ತಂಬೂರಿ ಮೇಳದವರು, ಎರಡು ಹಂದಿ, ಡಬ್ಬಗಟ್ಟಲೆ ರಾಕಿಯಾ, ಅಂದರೆ ಪ್ಲಮ್ ಹಣ್ಣಿನ ಸಾರಾಯಿ. ಅಡುಗೆಮನೆಯಲ್ಲಿ ಎಲೆಕೋಸು ಹೆಚ್ಚುತ್ತಿದ್ದ ನನ್ನ ಪಕ್ಕ ಕಾಲಿನಾ ಬಂದು ನಿಂತಳು.

"ಅತ್ತೆ, ನಿಜ ಹೇಳಿಬಿಡ್ಲಾ?"

"ಹೇಳಿದ್ರೆ ಏನ್ಮಾಡ್ತಾನೆ ಗೊತ್ತಾ? ಒಂದು ವರ್ಷ ಮನೇಲಿ ಕೂರಿಸಿ ಜೀವಶಾಸ್ತ್ರಕ್ಕೆ ಟ್ಯೂಷನ್ ಇಡಿಸ್ತಾನೆ."

"ಹೇಳ್ದೇ ಇದ್ರೆ ಸೋಮವಾರ ಹಂಗೇರಿ. ಅಲ್ಲಿ ಅವರೇ ಹೇಳ್ತಾರೆ. ಆಮೇಲೂ ಅದೇ ಟ್ಯೂಷನ್ನು." ಚಾಕು ಕಿತ್ತುಕೊಂಡು ಎಲೆಕೋಸಿನ ಮೇಲೆ ಸೇಡು ತೀರಿಸಿಕೊಂಡಳು. "ಎರಡು ಕಡೆಯಿಂದ್ಲೂ ಸತ್ತೆ ಅತ್ತೆ. ಆ ಒಂದು ಏಳು ಯಾರಿಗೂ ಕಾಣ್ಸಲ್ಲ."

ನನಗೆ ತಮ್ಮನ ಮೇಲೆ ಉರಿದುಹೋಯಿತು.

ಹೊರಗೆ ಮಿಲೊಯೆ ಬೆಂಚಿನ ಮೇಲೆ ಹತ್ತಿ ನಿಂತಿದ್ದ. "ಎಲ್ಲದರಲ್ಲೂ ಐದು! ಚಿತ್ರದಲ್ಲಿ ಐದಕ್ಕೆ ಏಳು! ಸ್ತೊಯಾದಿನ್, ನೀನು ಓದಿದವನು, ಹೇಳಪ್ಪಾ, ಐದಕ್ಕೆ ಏಳು ತಂದೋರನ್ನ ಎಲ್ಲಾದ್ರೂ ಕಂಡಿದೀಯಾ?"

ನಾನು ಕಿಟಕಿಗೆ ಕಣ್ಣಿಟ್ಟೆ. ಸ್ತೊಯಾದಿನ್‌ಗೆ ಏಳರ ಗುಟ್ಟು ಚೆನ್ನಾಗಿ ಗೊತ್ತು. ಆದರೆ ಎರಡು ವರ್ಷದ ಹಿಂದೆ ಇದೇ ಬೀದಿಗೆ ಹಂದಿ ಸುಡಿಸಿ, ಮಗನಿಗೆ ಎಲ್ಲದರಲ್ಲೂ ಐದು ಎಂದು ಕುಣಿದವನೂ ಅವನೇ. ಆ ಮಗ ವಿಯೆನ್ನಾದಲ್ಲಿ ವೈದ್ಯಕೀಯ ಓದುತ್ತಿದ್ದಾನೆ ಎಂದು ಬೀದಿ ನಂಬಿದೆ. ಕೆಫೆಯಲ್ಲಿ ತಟ್ಟೆ ಎತ್ತುತ್ತಿದ್ದಾನೆ ಎಂದು ಡಾಕ್ಟರ ಹೆಂಡತಿ ನನ್ನ ಸಲೂನಿನ ಕುರ್ಚಿಯಲ್ಲಿ ಕೂತು ಅತ್ತಿದ್ದಾಳೆ. ಏಳರ ಗುಟ್ಟು ಬಿಚ್ಚಿದರೆ ಮಗನ ಐದುಗಳ ಬಣ್ಣವೂ ಬಯಲಾಗುತ್ತದೆ. ಡಾಕ್ಟರ ಬಾಯಲ್ಲಿ ಈಗ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.

"ಇಲ್ಲ" ಎಂದ ಕೊನೆಗೆ, ತಟ್ಟೆಯಲ್ಲಿದ್ದ ಹಂದಿಯ ಕಿವಿಯನ್ನು ನೋಡುತ್ತ. "ಐದಕ್ಕೆ ಏಳು ನಾನೂ ಕಂಡಿಲ್ಲ."

ಅಲ್ಲಿ ನನಗೆ ದಾರಿ ಕಾಣಿಸಿತು. ಎಲೆಕೋಸಿನ ಕೈಯಲ್ಲೇ ಹೊರಗೆ ಬಂದೆ. "ಮಿಲೊಯೆ, ಬುದ್ಧಿ ಇದೆಯೇನೋ ನಿಂಗೆ? ಐದು ಬಂದಿರೋದಕ್ಕೆ ಹಂಗೇರಿ, ಏಳು ಬಂದಿರೋದಕ್ಕೆ ಏನೂ ಇಲ್ವಾ? ಡಾಕ್ಟರುಗಳು ಬೀದಿಗೊಬ್ಬರು ಇದಾರೆ. ಐದಕ್ಕೆ ಏಳು ಯಾರ ಮನೇಲಿದೆ?"

"ನಿಮ್ಮಕ್ಕ ಯಾಗೊದಾ ಹೇಳೋದು ಸರಿ" ಎಂದ ಸ್ತೊಯಾದಿನ್ ಅವಸರವಾಗಿ. "ಏಳು ಬಂದಲ್ಲಿಗೇ ಕಳಿಸು. ಬೇರೆ ದೇಶ ಒಳ್ಳೇದಲ್ಲಪ್ಪಾ." ಕೊನೆಯ ಮಾತು ಹೇಳುವಾಗ ತನ್ನ ಮನೆಯ ಕಡೆ ನೋಡಿದ.

ಬೀದಿಯವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಲೋಟ ಎತ್ತಿ ಕೂಗಿದರು. ಮಿಲೊಯೆ ಮಗಳ ಕಡೆ ತಿರುಗಿ, "ಏನಮ್ಮಾ, ಎಲ್ಲಿಗೆ?" ಎಂದ. "ಬೆಲ್‌ಗ್ರೇಡ್. ಮಠದ ಗೋಡೆಚಿತ್ರ" ಎಂದಳು ಅವಳು. ಅವನು ಎಲ್ಲರೆದುರು ಮಾತು ಕೊಟ್ಟ. ಹಂದಿ ತಿನ್ನಿಸಿ ಕೊಟ್ಟ ಮಾತನ್ನು ನಮ್ಮಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮುಂದಿನ ವಾರ ಅವನು ಸಲೂನಿಗೆ ಬಂದು ಕನ್ನಡಿಯ ಮುಂದೆ ಕೂತ. ಕೂದಲು ಕತ್ತರಿಸುವಂಥದೇನೂ ಇರಲಿಲ್ಲ. ಅವನ ಟೈರು ಅಂಗಡಿಯ ಹಳೆಯ ಗಿರಾಕಿಯೊಬ್ಬನ ಮಗಳೂ ಅದೇ ಶಾಲೆಯಂತೆ. ಅವನು ಎಲ್ಲ ಬಿಡಿಸಿ ಹೇಳಿದ್ದನಂತೆ.

"ಅಕ್ಕಾ, ಏಳೇ ಮೇಲಂತೆ."

"ಕಾರಲ್ಲೇ ಹೇಳಿದ್ದೆ."

"ಹಾಗಾದ್ರೆ ಐದು ಅಂದ್ರೆ ನಮ್ ಲೆಕ್ಕದಲ್ಲಿ ಮೂರೂವರೆ."

"ಅಷ್ಟೇ ಅಂದ್ಕೋ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಮೀಸೆ ತಿರುವಿಕೊಂಡ. "ಬೀದಿಯವ್ರಿಗೆ ಹೇಳ್ಬೇಡ. ಹಂದಿ ತಿಂದಾಗಿದೆ." ಎದ್ದು ಬಾಗಿಲವರೆಗೂ ಹೋದವನು ನಿಂತ. ತಿರುಗಲಿಲ್ಲ.

"ಆ ಏಳು ಮಾತ್ರ... ಅದು ನಿಜವಾದ ಏಳೇ ತಾನೇ ಅಕ್ಕಾ?"

"ನಿಜವಾದದ್ದೇ ಕಣೋ. ಅದರ ಮೇಲೆ ಏನೂ ಇಲ್ಲ."

ತೋಳಿನಿಂದ ಮುಖ ಒರೆಸಿಕೊಂಡ. "ನಾನು ಅದನ್ನೇ ಸುಮ್ನೆ ಮೇಲಿಂದ ಹಾಕಿದ್ದು ಅಂದ್ಕೊಂಡಿದ್ನಲ್ಲಕ್ಕಾ" ಎಂದ.