ಇನ್ನೊಂದು ಮನೆಯ ಮೌನ

ಹೇಮಚಂದ್ರ ಯಾರ ಮನೆಗೆ ಹೋದರೂ ಕೂರುವ ಮೊದಲು ಬೆರಳೆತ್ತಿ ಎಲ್ಲರ ಬಾಯಿ ಮುಚ್ಚಿಸಿ, ಕುತ್ತಿಗೆ ಓರೆ ಮಾಡಿ, ಆ ಮನೆಯ ಮೌನವನ್ನು ಆಲಿಸುತ್ತಿದ್ದ. ಡಬ್ಲಿನ್ ಪಕ್ಕದ ಊರು ಸ್ವೋರ್ಡ್ಸಿನ ಕನ್ನಡಿಗರೆದುರು ಹೆಂಡತಿ ಸಾವಿತ್ರಿಗೆ ಇದೊಂದು ಮುಜುಗರ. "ರೀ, ಇಲ್ಲೂ ಶುರು ಮಾಡಿದ್ರಾ? ನಾವು ಬಂದಿರೋದು ಮನೆ ನೋಡೋಕೆ, ಮನೆ ನಾಡಿ ನೋಡೋಕಲ್ಲ" ಎನ್ನುತ್ತಿದ್ದಳು.

ಅವನ ಕಸುಬೇ ಅದು. ಯಾವ ಕಿಟಕಿಯಿಂದ ಇಣುಕಿದರೂ ಕ್ರೇನು ಕಾಣುತ್ತಿದ್ದ ಆ ವರ್ಷಗಳ ಡಬ್ಲಿನ್ನಿನಲ್ಲಿ, ಅಷ್ಟು ಗದ್ದಲದ ನಡುವೆ, ಸಾಕ್ಷ್ಯಚಿತ್ರಗಳಿಗೆ ಧ್ವನಿ ಜೋಡಿಸುತ್ತಿದ್ದ. ಸಂದರ್ಶನ ಮುಗಿದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕುಳಿತು ಆ ಕೋಣೆಯ ಬರಿಯ ಮೌನವನ್ನು ಮುದ್ರಿಸಿಕೊಳ್ಳುವುದು ರೂಢಿ. ಕತ್ತರಿಸಿದ ಮಾತುಗಳ ಸಂದಿಗೆ ಅದನ್ನೇ ತುಂಬಬೇಕು. ಒಂದು ಕೋಣೆಯ ಮೌನವನ್ನು ಇನ್ನೊಂದಕ್ಕೆ ಹಾಕುವುದು ಅವನ ಲೆಕ್ಕದಲ್ಲಿ ಸುಳ್ಳುಸಾಕ್ಷಿ. ಹಾಗೆ ಮಾಡಿದ ಜೊತೆಗಾರನೊಬ್ಬನ ಮೇಲೆ ಹೆಡ್‌ಫೋನ್ ಎಸೆದಿದ್ದನಂತೆ.

ಅಂಥವನೇ ಎಡವಿದ. ನಿರ್ದೇಶಕಿ ಓರ್ಲಾ ಜೆರುಸಲೇಮಿನ ಎರಡು ಪಾಲಿನ ಬದುಕನ್ನು ಚಿತ್ರಿಸಿ ತಂದಿದ್ದಳು: ಪಶ್ಚಿಮದಲ್ಲಿ ಇಸ್ರೇಲಿ ವಿಧವೆ ತ್ಸಿಪೋರಾ, ಪೂರ್ವದಲ್ಲಿ ಪ್ಯಾಲೆಸ್ಟೀನಿನ ಮುದುಕ ಅಬು ಫರೀದ್. ಟೇಪುಗಳು ಅದಲುಬದಲಾಗಿ, ತ್ಸಿಪೋರಾಳ ಅಡುಗೆಮನೆಯ ಮೌನ ಮುದುಕನ ಮಾತಿನ ಸಂದಿಗಳಿಗೆ ಸೇರಿಹೋಯಿತು.

ಮೊದಲ ಪ್ರದರ್ಶನಕ್ಕೆ ಅತಿಥಿಯಾಗಿ ಬಂದಿದ್ದ ಅಬು ಫರೀದ್, ತೆರೆಯ ಮೇಲೆ ತಾನೇ ಮಾತಾಡುತ್ತಿದ್ದಾಗ ಥಟ್ಟನೆ ಎದ್ದು ನಿಂತ. ಮಾತು ನಿಂತ ಕಡೆಯಲ್ಲೆಲ್ಲ, ಬಹಳ ಆಳದಿಂದ, ಒದ್ದೆ ಹಗ್ಗ ಕಲ್ಲಿಗೆ ಉಜ್ಜಿದಂಥ ಸದ್ದು. ಆಮೇಲೆ ಹೇಮಚಂದ್ರನ ಮೊಣಕೈ ಹಿಡಿದು ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದ: "ಅದು ನಾನು ಹುಟ್ಟಿದ ಮನೆ. ಅಮ್ಮ ನೀರು ಸೇದುತ್ತಿದ್ದಾಳೆ. ತೆಗೆಯಬೇಡಿ."

ಸಾವಿರದ ಒಂಬೈನೂರ ನಲವತ್ತೆಂಟರ ಯುದ್ಧದಲ್ಲಿ ಬಿಟ್ಟು ಓಡಿದ ಆ ಮನೆಯ ಬೀದಿ ಯಾವುದೆಂದು ಕೇಳಿದರೆ, ಅವನು ಹೇಳಿದ್ದು ತ್ಸಿಪೋರಾಳ ಬೀದಿ. ಓರ್ಲಾ ಆಕೆಗೆ ಫೋನು ಮಾಡಿದಳು. ಆಕೆ, ಮನೆ ಮೊದಲು ಅರಬರದ್ದಾಗಿತ್ತು, ಅಡುಗೆಮನೆಯ ಕೆಳಗೆ ಬಾವಿ ಇದ್ದದ್ದೂ ನಿಜ, ಆದರೆ ತಾನು ಸೊಸೆಯಾಗಿ ಬರುವ ಮೊದಲೇ ಅದಕ್ಕೆ ಸಿಮೆಂಟು ಸುರಿದು ಮುಚ್ಚಿದ್ದರು ಎಂದಳಂತೆ.

"ಬಾವೀನೇ ಇಲ್ಲ ಅಂದ್ರೆ ಸದ್ದು ಎಲ್ಲಿಂದ ಬಂತ್ರೀ?" ಎಂದು ಸಾವಿತ್ರಿ ಕೇಳಿದಳು.

"ಪೈಪಿರಬೇಕು ಕಣೆ" ಎಂದ. ಹೆಡ್‌ಫೋನ್ ಮಾತ್ರ ಕಿವಿಯಿಂದ ತೆಗೆಯಲಿಲ್ಲ.

ಟಿವಿಯವರಿಗೆ ಚಿತ್ರ ಕೊಡುವ ದಿನ ಬಂತು. ಈಗಿರುವುದೇ ಚೆನ್ನಾಗಿದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ ಓರ್ಲಾಳ ಮೇಲೆ ರೇಗಿ, ಹೇಮಚಂದ್ರ ಮುದುಕನ ಕೋಣೆಯ ಸರಿಯಾದ ಮೌನವನ್ನೇ ಹಾಕಿ ಕೇಳಿದ. ಒಂದು ಕೊಂಕಿಲ್ಲ, ಆದರೆ ಮುದುಕ ಬಾಡಿಗೆ ಕೋಣೆಯಲ್ಲಿ ಕೂತು ಗಾಡಿಗೆ ಕಾಯುತ್ತಿರುವವನಂತೆ ಕೇಳಿಸಿದ. ಹೇಮಚಂದ್ರ ತ್ಸಿಪೋರಾಳ ಅಡುಗೆಮನೆಯ ಮೌನವನ್ನೇ ಮರಳಿ ಇಟ್ಟ, ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳಿಂದ ತನ್ನ ಹೆಸರನ್ನು ತೆಗೆಸಿಹಾಕಿದ.

ಇಂಥ ಹಟಮಾರಿಗಳು ಆಯುಷ್ಯವಿಡೀ ಕಾದ ನಿಯಮವನ್ನು ಒಂದೇ ಒಂದು ಸಲ, ಅದೂ ಯಾರೋ ಪರದೇಶಿಯ ತಾಯಿಗಾಗಿ, ಮುರಿಯುತ್ತಾರೆ. ದಂಡವನ್ನೂ ತಾವೇ ತೆತ್ತು, ಆಮೇಲೆ ಮೆಚ್ಚಿ ಮಾತಾಡಲು ಬಂದವರನ್ನು ಗದರಿಸಿ ಅಟ್ಟುತ್ತಾರೆ.